ಪಟ್ಟಿಯಲ್ಲಿತ್ತು, ವಿಮಾನದಲ್ಲಿರಲಿಲ್ಲ: ಕುಂದೂಜ್ ಆಸ್ಪತ್ರೆ ದಾಳಿಯ ಪ್ರಕರಣ ಅಧ್ಯಯನ

2015ರ ಅಕ್ಟೋಬರ್ 3, ಶನಿವಾರ ನಸುಕು. ಉತ್ತರ ಅಫ್ಘಾನಿಸ್ತಾನದ ಕುಂದೂಜ್ ನಗರದ ಮೇಲೆ ಅಮೆರಿಕದ ಎಸಿ-130 ಗನ್‌ಶಿಪ್ ವಿಮಾನವೊಂದು ಗಿರಕಿ ಹೊಡೆಯುತ್ತ ಒಂದೇ ಕಟ್ಟಡದ ಮೇಲೆ ಸುಮಾರು ಅರ್ಧ ಗಂಟೆ ಗುಂಡು ಸುರಿಸಿತು. ಒಟ್ಟು 211 ಶೆಲ್‌ಗಳು. ಕಟ್ಟಡ 'ಗಡಿಯಿಲ್ಲದ ವೈದ್ಯರು' ಎಂದೇ ಹೆಸರಾದ ಎಂಎಸ್‌ಎಫ್ ಸಂಸ್ಥೆಯ ಗಾಯಾಳು ಚಿಕಿತ್ಸಾ ಕೇಂದ್ರದ್ದು. ಸತ್ತವರು 42 ಮಂದಿ: 24 ರೋಗಿಗಳು, ಅವರನ್ನು ನೋಡಿಕೊಳ್ಳಲು ಬಂದಿದ್ದ 4 ಬಂಧುಗಳು, 14 ಆಸ್ಪತ್ರೆ ಸಿಬ್ಬಂದಿ.

ಇಲ್ಲಿ ಬರುವ ಊರು, ಸಂಸ್ಥೆ, ದಿನಾಂಕಗಳೆಲ್ಲ ಸಾರ್ವಜನಿಕ ದಾಖಲೆಯಲ್ಲಿರುವಂಥವು. ವ್ಯಕ್ತಿಗಳನ್ನು ಮಾತ್ರ ಅವರವರ ಹುದ್ದೆಯಿಂದ ಗುರುತಿಸಿದ್ದೇವೆ. ಹೆಸರು ಬಂದ ಕೂಡಲೇ ಓದುವವರ ಗಮನ ತಪ್ಪು ಯಾರದು ಎಂಬಲ್ಲಿಗೆ ಓಡುತ್ತದೆ. ಈ ಪ್ರಕರಣದಲ್ಲಿ ಕೇಳಬೇಕಾದ ಪ್ರಶ್ನೆ, ತಪ್ಪು ಯಾವ ಯಾವ ಮೆಟ್ಟಿಲಲ್ಲಿ ತಡೆಯಬಹುದಾಗಿತ್ತು ಎಂಬುದು.

ಹಿನ್ನೆಲೆ

ಕುಂದೂಜ್‌ನ ಕೇಂದ್ರ ತೆರೆದದ್ದು 2011ರ ಆಗಸ್ಟ್‌ನಲ್ಲಿ. ಈಶಾನ್ಯ ಅಫ್ಘಾನಿಸ್ತಾನದಲ್ಲಿ ಮೂಳೆ ಮುರಿತ, ಗುಂಡೇಟು, ಸ್ಫೋಟದ ಗಾಯಗಳಿಗೆ ಪೂರ್ಣ ಪ್ರಮಾಣದ ಶಸ್ತ್ರಚಿಕಿತ್ಸೆ ಸಿಗುತ್ತಿದ್ದ ಆ ಬಗೆಯ ಒಂದೇ ಜಾಗ ಅದು. 2014ರಲ್ಲಿ 22,000ಕ್ಕೂ ಹೆಚ್ಚು ಮಂದಿ ಅಲ್ಲಿ ಚಿಕಿತ್ಸೆ ಪಡೆದರು, 5,900ಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳು ನಡೆದವು. ಚಿಕಿತ್ಸೆಗೆ ದುಡ್ಡಿಲ್ಲ. ಬಂದೂಕು ಗೇಟಿನೊಳಗೆ ಬರುವಂತಿಲ್ಲ. ಗಾಯಾಳು ಯಾವ ಪಕ್ಷದವನು ಎಂದು ಕೇಳುವ ಪದ್ಧತಿಯೂ ಇರಲಿಲ್ಲ.

2015ರ ಸೆಪ್ಟೆಂಬರ್ 28ರಂದು ನಗರ ತಾಲಿಬಾನ್ ವಶವಾಯಿತು. ಅಂದಿನಿಂದ ದಾಳಿಯವರೆಗೆ ತುರ್ತು ವಿಭಾಗಕ್ಕೆ 376 ಮಂದಿ ಬಂದರು. 92 ಹಾಸಿಗೆಗಳ ಆಸ್ಪತ್ರೆ, ಹಾಸಿಗೆ ಹೆಚ್ಚಿಸದೆ ವಿಧಿಯಿರಲಿಲ್ಲ. ದಾಳಿಯ ರಾತ್ರಿ ಒಳಗೆ 105 ರೋಗಿಗಳಿದ್ದರು. ಅವರಲ್ಲಿ ಸುಮಾರು 20 ಮಂದಿ ಗಾಯಗೊಂಡ ತಾಲಿಬಾನ್ ಹೋರಾಟಗಾರರು, ಮೂರೋ ನಾಲ್ಕೋ ಮಂದಿ ಸರ್ಕಾರಿ ಪಡೆಯವರು, ಉಳಿದವರು ಸಾಮಾನ್ಯ ಜನ, ಮಕ್ಕಳೂ ಸೇರಿ.

ಈ 20 ಮಂದಿಯ ಸುತ್ತಲೇ ನಂತರ ಸಾಕಷ್ಟು ವಾದ ಹುಟ್ಟಿತು. ಆದ್ದರಿಂದ ಕಾನೂನನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. 1949ರ ನಾಲ್ಕನೇ ಜಿನೀವಾ ಒಪ್ಪಂದದ 19ನೇ ವಿಧಿಯ ಪ್ರಕಾರ ಆಸ್ಪತ್ರೆ ರಕ್ಷಣೆ ಕಳೆದುಕೊಳ್ಳುವುದು ಅದನ್ನು ಶತ್ರುವಿಗೆ ಹಾನಿ ಮಾಡುವ ಕೆಲಸಕ್ಕೆ ಬಳಸಿದಾಗ ಮಾತ್ರ. ಗಾಯಗೊಂಡ ಸೈನಿಕರು ಮಲಗಿದ್ದಾರೆ ಎಂಬುದು ಅಂಥ ಕೆಲಸ ಅಲ್ಲವೆಂದು ಅದೇ ವಿಧಿ ಬಾಯಿಬಿಟ್ಟು ಹೇಳುತ್ತದೆ. ಅವರಿಂದ ತೆಗೆದಿರಿಸಿದ, ಇನ್ನೂ ಸಂಬಂಧಪಟ್ಟವರಿಗೆ ಒಪ್ಪಿಸದ ಸಣ್ಣ ಆಯುಧಗಳು ಅಲ್ಲಿದ್ದರೂ ರಕ್ಷಣೆ ಹೋಗದು. ನಿಜಕ್ಕೂ ದುರ್ಬಳಕೆ ಆಗಿದ್ದರೂ ಮೊದಲು ಎಚ್ಚರಿಕೆ ಕೊಡಬೇಕು, ಸರಿಪಡಿಸಿಕೊಳ್ಳಲು ತಕ್ಕಷ್ಟು ಸಮಯ ಕೊಡಬೇಕು, ಆ ಎಚ್ಚರಿಕೆಗೆ ಬೆಲೆ ಸಿಗದಿದ್ದಾಗಷ್ಟೇ ಮುಂದಿನ ಮಾತು. ಆ ಒಪ್ಪಂದ ದೇಶ ದೇಶಗಳ ನಡುವಿನ ಯುದ್ಧಕ್ಕೆ ಬರೆದದ್ದು. ಕುಂದೂಜ್‌ನಂಥ ಆಂತರಿಕ ಸಂಘರ್ಷಕ್ಕೆ ಅನ್ವಯಿಸುವ 1977ರ ಎರಡನೇ ಹೆಚ್ಚುವರಿ ಪ್ರೋಟೊಕಾಲ್‌ನ 11ನೇ ವಿಧಿಯಲ್ಲೂ ರಕ್ಷಣೆ ಮತ್ತು ಎಚ್ಚರಿಕೆಯ ನಿಯಮ ಹಾಗೆಯೇ ಇದೆ. ಅಮೆರಿಕ ಆ ಪ್ರೋಟೊಕಾಲ್‌ಗೆ ಸಹಿ ಹಾಕಿದೆ, ಅನುಮೋದಿಸಿಲ್ಲ. ಆದರೂ ಆಸ್ಪತ್ರೆಯ ರಕ್ಷಣೆ ರೂಢಿಗತ ಕಾನೂನಾಗಿ ಎಲ್ಲರನ್ನೂ ಕಟ್ಟಿಹಾಕುತ್ತದೆ. (ಭಾರತದ ಮಟ್ಟಿಗೂ ಮಾತು ಇದೇ. ನಮ್ಮಲ್ಲಿ 1960ರ ಜಿನೀವಾ ಒಪ್ಪಂದಗಳ ಕಾಯಿದೆ ಇದೆ, ಹೆಚ್ಚುವರಿ ಪ್ರೋಟೊಕಾಲ್‌ಗಳನ್ನು ಭಾರತ ಸೇರಿಲ್ಲ.)

ಆಸ್ಪತ್ರೆ ಮಾಡಿಕೊಂಡಿದ್ದ ಏರ್ಪಾಡು

2015ರ ಜುಲೈ 1ರಂದು ಅಫ್ಘಾನ್ ವಿಶೇಷ ಪಡೆಯವರು ಶಸ್ತ್ರಸಮೇತ ಆಸ್ಪತ್ರೆಯೊಳಗೆ ನುಗ್ಗಿದ್ದರು. ಹಾಗಾಗಿ ಸಂಸ್ಥೆಗೆ ಅಪಾಯದ ಅರಿವು ಮೊದಲೇ ಇತ್ತು. ನಗರ ಬಿದ್ದ ಮರುದಿನ, ಸೆಪ್ಟೆಂಬರ್ 29ರಂದು, ಆಸ್ಪತ್ರೆಯ ಜಿಪಿಎಸ್ ನಿರ್ದೇಶಾಂಕಗಳನ್ನು, ಎಂದರೆ ಜಾಗ ಗುರುತಿಸುವ ಅಕ್ಷಾಂಶ ರೇಖಾಂಶದ ಅಂಕಿಗಳನ್ನು, ಅದು ಅಮೆರಿಕದ ರಕ್ಷಣಾ ಇಲಾಖೆಗೆ, ಕಾಬೂಲ್‌ನಲ್ಲಿದ್ದ ಅಮೆರಿಕ ಸೇನೆಗೆ, ಅಫ್ಘಾನಿಸ್ತಾನದ ರಕ್ಷಣಾ ಮತ್ತು ಗೃಹ ಸಚಿವಾಲಯಗಳಿಗೆ ಇನ್ನೊಮ್ಮೆ ಇಮೇಲ್ ಮಾಡಿತು. ಅಮೆರಿಕದ ಕಡೆಯಿಂದ ತಲುಪಿದೆ ಎಂಬ ಉತ್ತರ ಬಂತು. ಸೇನೆಯ 'ದಾಳಿ ಮಾಡಬಾರದ ತಾಣಗಳ ಪಟ್ಟಿ'ಯಲ್ಲಿ ಆಸ್ಪತ್ರೆ ಇತ್ತು.

ಅಕ್ಟೋಬರ್ 1ರಂದು ವಾಷಿಂಗ್ಟನ್‌ನ ಅಧಿಕಾರಿಯೊಬ್ಬರು, ಆಸ್ಪತ್ರೆಯಲ್ಲಿ ದೊಡ್ಡ ಸಂಖ್ಯೆಯಲ್ಲಿ ತಾಲಿಬಾನಿಗಳು ಸೇರಿಕೊಂಡಿದ್ದಾರೆಯೇ ಎಂದು ಸಂಸ್ಥೆಯನ್ನು ವಿಚಾರಿಸಿದರು. ಆಸ್ಪತ್ರೆ ರೋಗಿಗಳಿಂದ ತುಂಬಿದೆ, ಗಾಯಗೊಂಡ ತಾಲಿಬಾನ್ ಹೋರಾಟಗಾರರೂ ಅವರಲ್ಲಿದ್ದಾರೆ ಎಂದು ಸಂಸ್ಥೆ ಮುಚ್ಚುಮರೆಯಿಲ್ಲದೆ ತಿಳಿಸಿತು. ಇಂಥ ಪ್ರಶ್ನೆ ಬರುವುದು ಎಲ್ಲೋ ಯಾರೋ ಆ ಕಟ್ಟಡದ ಬಗ್ಗೆ ಮಾತಾಡುತ್ತಿದ್ದಾರೆ ಎಂಬುದರ ಸುಳಿವು. ಬರೀ ಉತ್ತರ ಕೊಟ್ಟು ಸುಮ್ಮನಾಗದೆ, ಈ ಅನುಮಾನ ಯಾವ ಮೂಲದ್ದು, ಈಗ ಬಗೆಹರಿಯಿತೇ ಎಂದು ಲಿಖಿತವಾಗಿ ತಿರುಗಿ ಕೇಳುವುದು ಇಂದು ಇಂಥ ಕೆಲಸದಲ್ಲಿರುವವರು ರೂಢಿಸಿಕೊಳ್ಳಬೇಕಾದ ಹೆಜ್ಜೆ ಎಂಬುದು ನಮ್ಮ ಅಭಿಪ್ರಾಯ.

ಅಕ್ಟೋಬರ್ 2ರಂದು ಚಾವಣಿಯ ಮೇಲೆ ಸಂಸ್ಥೆಯ ಎರಡು ಬಾವುಟಗಳನ್ನು ಹಾಸಿದರು. ಆ ರಾತ್ರಿ ಕತ್ತಲಾಗಿದ್ದ ನಗರದಲ್ಲಿ ಜನರೇಟರ್ ಬಲದಿಂದ ಪೂರ್ತಿ ಬೆಳಗುತ್ತಿದ್ದ ಕೆಲವೇ ಕಟ್ಟಡಗಳಲ್ಲಿ ಆಸ್ಪತ್ರೆಯೂ ಒಂದು.

ತಪ್ಪು ಕೂಡುತ್ತ ಹೋದ ಬಗೆ

ಗುರಿಯಾಗಬೇಕಿದ್ದದ್ದು ಅಫ್ಘಾನ್ ಗುಪ್ತಚರ ಸಂಸ್ಥೆಯ ಹಳೆಯ ಕಚೇರಿ. ತಾಲಿಬಾನಿಗಳು ಅದನ್ನು ಹಿಡಿದಿದ್ದಾರೆ ಎಂದು ನಂಬಲಾಗಿತ್ತು. ಆಸ್ಪತ್ರೆಗೂ ಅದಕ್ಕೂ ಸುಮಾರು 400 ಮೀಟರ್ ಅಂತರ. ಅದನ್ನು ತೆರವುಗೊಳಿಸಲು ಹೊರಟ ಅಫ್ಘಾನ್ ವಿಶೇಷ ಪಡೆ, ತಮ್ಮ ಜೊತೆಗಿದ್ದ ಅಮೆರಿಕನ್ ದಳವನ್ನು ವಾಯುಬೆಂಬಲಕ್ಕೆ ಕೇಳಿತು. ನೆಲದ ಮೇಲಿದ್ದ ಅಮೆರಿಕನ್ ಕಮಾಂಡರ್ ಪ್ರಾಂತೀಯ ಪೊಲೀಸ್ ಮುಖ್ಯಸ್ಥರ ಆವರಣದಲ್ಲಿದ್ದರು. ಗುರಿಯೂ ಅವರ ಕಣ್ಣಿಗೆ ಕಾಣುತ್ತಿರಲಿಲ್ಲ, ಆಸ್ಪತ್ರೆಯೂ ಕಾಣುತ್ತಿರಲಿಲ್ಲ. ಆ ದಳ ಸುಮಾರು ಐದು ಹಗಲು ಐದು ರಾತ್ರಿ ಸತತ ಕಾಳಗದಲ್ಲಿತ್ತು.

ವಿಮಾನದ ಕಡೆ ನೋಡೋಣ. ತುರ್ತು ಕರೆ ಬಂದದ್ದರಿಂದ ಅದು ನಿಗದಿಗಿಂತ 69 ನಿಮಿಷ ಮುಂಚೆ ಮೇಲೇರಿತು. ಹೊರಡುವ ಮುನ್ನ ನಡೆಯಬೇಕಾದ ವಿವರಣೆ ನಡೆಯಲಿಲ್ಲ, ದಾಳಿ ಮಾಡಬಾರದ ತಾಣಗಳ ಪಟ್ಟಿ ವಿಮಾನದ ವ್ಯವಸ್ಥೆಗೆ ತುಂಬಿರಲಿಲ್ಲ. ಹಾರುತ್ತಿರುವಾಗ ವಿದ್ಯುನ್ಮಾನ ಸಂಪರ್ಕ ಕೈಕೊಟ್ಟಿತು. ವಿಡಿಯೊ ಕಳಿಸಲಾಗದು, ಇಮೇಲ್ ಬರದು, ಸಂದೇಶ ಹೋಗದು. ಬಿಟ್ಟುಹೋದ ಪಟ್ಟಿಯನ್ನು ದಾರಿಯಲ್ಲಿ ತರಿಸಿಕೊಳ್ಳುವ ಬಾಗಿಲೂ ಅಲ್ಲಿಗೆ ಮುಚ್ಚಿತು. ಉಳಿದದ್ದು ರೇಡಿಯೊದ ಬಾಯಿಮಾತು.

ಕುಂದೂಜ್ ಸಮೀಪಿಸಿದಾಗ ತಮ್ಮತ್ತ ಕ್ಷಿಪಣಿ ಬರುತ್ತಿದೆ ಎಂದು ಭಾವಿಸಿದ ಸಿಬ್ಬಂದಿ ವಿಮಾನವನ್ನು ಸುಮಾರು 8 ಮೈಲಿ, ಎಂದರೆ 13 ಕಿಲೋಮೀಟರ್‌ನಷ್ಟು, ದೂರದ ಗಿರಕಿಗೆ ಒಯ್ದರು. ಅಷ್ಟು ದೂರದಿಂದ ಗುರಿ ಹಿಡಿಯುವ ಉಪಕರಣಗಳ ನಿಖರತೆ ಇಳಿಯುತ್ತದೆ. ನೆಲದಿಂದ ಕೊಟ್ಟ ನಿರ್ದೇಶಾಂಕವನ್ನು ಹಾಕಿದರೆ ಸೆನ್ಸರ್ ತೋರಿಸಿದ್ದು ಗುರಿಯಿಂದ 300 ಮೀಟರ್‌ಗೂ ಆಚೆಯ ಬಯಲು ಹೊಲವನ್ನು. ಇಲ್ಲಿ ನಿಂತು ಲೆಕ್ಕವನ್ನು ಮೊದಲಿಂದ ಮಾಡಬಹುದಿತ್ತು. ಅದರ ಬದಲು ಸಿಬ್ಬಂದಿ ಹತ್ತಿರದಲ್ಲಿ ವರ್ಣನೆಗೆ ಹೋಲುವ ದೊಡ್ಡ ಕಟ್ಟಡ ಯಾವುದಿದೆ ಎಂದು ಹುಡುಕಿದರು. ಸಿಕ್ಕಿದ್ದು ಆಸ್ಪತ್ರೆ. ವರ್ಣನೆ ಎಂದರೆ ಅಫ್ಘಾನ್ ಪಡೆಯವರು ಅಮೆರಿಕನ್ ದಳಕ್ಕೆ ಹೇಳಿ, ಅವರು ರೇಡಿಯೊದಲ್ಲಿ ವಿಮಾನಕ್ಕೆ ಹೇಳಿದ ಮಾತು. ದೊಡ್ಡ ಕಟ್ಟಡ, ಸುತ್ತ ಆವರಣ, ಗೇಟು, ಓಡಾಡುವ ಜನ: ಇಂಥ ವರ್ಣನೆ ಯಾವ ಊರಿನ ಜಿಲ್ಲಾ ಆಸ್ಪತ್ರೆಗೂ, ಕಾಲೇಜಿಗೂ, ಪೊಲೀಸ್ ಠಾಣೆಗೂ ಒಪ್ಪುತ್ತದೆ.

ಇನ್ನು ಆ ರಾತ್ರಿಯ ಅತಿ ಮುಖ್ಯ ತಿರುವು. ವಿಮಾನ ಮತ್ತೆ ಹತ್ತಿರದ ಗಿರಕಿಗೆ ಬಂದಾಗ ಉಪಕರಣ ಸರಿಹೋಯಿತು. ಅದೇ ನಿರ್ದೇಶಾಂಕ ಈಗ ಬಯಲು ತೋರಿಸದೆ, ಗುಪ್ತಚರ ಕಚೇರಿಯನ್ನೇ ತೋರಿಸಿತು. ಸಿಬ್ಬಂದಿಯ ಮುಂದೆ ಒಂದಕ್ಕೊಂದು ತಾಳೆಯಾಗದ ಎರಡು ಸಾಕ್ಷ್ಯಗಳಿದ್ದವು: ನಿರ್ದೇಶಾಂಕ ಒಂದು ಕಟ್ಟಡ ತೋರಿಸುತ್ತದೆ, ಬಾಯಿಮಾತಿನ ವರ್ಣನೆ ಇನ್ನೊಂದಕ್ಕೆ ಹೊಂದುತ್ತದೆ. ವ್ಯತ್ಯಾಸ ಕಣ್ಣಿಗೆ ಬಿದ್ದಿತ್ತು, ಆದರೆ ಬಗೆಹರಿಯಲಿಲ್ಲ. ಅವರು ವರ್ಣನೆಗೇ ಅಂಟಿಕೊಂಡರು.

ಅನುಮಾನ ಬಂದಾಗ ಏನು ಮಾಡಬೇಕೆಂಬುದು ಯುದ್ಧ ಕಾನೂನಿನಲ್ಲಿ ಅಸ್ಪಷ್ಟವಾಗಿಲ್ಲ. ಗುರಿ ಸೈನಿಕ ಗುರಿಯೇ ಎಂದು ಸಾಧ್ಯವಿರುವ ಎಲ್ಲ ಬಗೆಯಲ್ಲಿ ಖಚಿತಪಡಿಸಿಕೊಳ್ಳಬೇಕು. ಅಲ್ಲವೆಂದು ಗೊತ್ತಾದ ಕ್ಷಣ ದಾಳಿ ಕೈಬಿಡಬೇಕು ಅಥವಾ ತಡೆಹಿಡಿಯಬೇಕು. ಆ ಕಟ್ಟಡದಿಂದ ವಿಮಾನದ ಮೇಲಾಗಲಿ ನೆಲದ ಪಡೆಯ ಮೇಲಾಗಲಿ ಗುಂಡು ಹಾರುತ್ತಿರಲಿಲ್ಲ. ಸಿಬ್ಬಂದಿಗೆ ಶತ್ರುಕೃತ್ಯ ಏನೂ ಕಂಡಿರಲಿಲ್ಲ. ಐದು ನಿಮಿಷ ಕಾದಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ ಎಂಬುದು ಈಗ ಓದುವವರಿಗೆ ಸುಲಭವಾಗಿ ಕಾಣುತ್ತದೆ. ಆದರೆ ಅಮೆರಿಕದ ಬಾಗ್ರಾಮ್ ವಾಯುನೆಲೆಯಲ್ಲಿದ್ದ ಮೇಲಧಿಕಾರಿಗಳು ನೆಲದ ದಳ ಆಗಲೇ ಅಪಾಯದಲ್ಲಿದೆ ಎಂದು ನಂಬಿದ್ದರು. 'ನಮ್ಮವರು ಸಾಯುತ್ತಿದ್ದಾರೆ' ಎಂಬ ಭಾವನೆಯೇ ತಾಳೆ ನೋಡುವ ಕೆಲಸವನ್ನು ಕತ್ತರಿಸಿಹಾಕುವುದು.

ಕೊನೆಯ ತಡೆ ಬಾಗ್ರಾಮ್ ನೆಲೆಯ ಕಚೇರಿಯಲ್ಲಿತ್ತು. ಗುಂಡು ಹಾರಿಸುವ ಒಂದು ನಿಮಿಷ ಮೊದಲು ಸಿಬ್ಬಂದಿ ತಾವು ಹೊಡೆಯಲಿರುವ ಕಟ್ಟಡದ ನಿರ್ದೇಶಾಂಕವನ್ನು ಅಲ್ಲಿಗೆ ತಿಳಿಸಿದರು. ಅದು ಆಸ್ಪತ್ರೆಯದೇ ನಿಖರ ನಿರ್ದೇಶಾಂಕ. ಆ ಕಚೇರಿಯಲ್ಲಿ ಪಟ್ಟಿ ಇತ್ತು, ಆಸ್ಪತ್ರೆಯ ಅಂಕಿಗಳೂ ಇದ್ದವು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದವರಿಲ್ಲ. ಒಂದು ನಿಮಿಷದಲ್ಲಿ, ವಿಡಿಯೊ ಇಲ್ಲದೆ, ರೇಡಿಯೊದಲ್ಲಿ ಕೇಳಿದ ಅಂಕಿಯನ್ನು ಕೈಯಿಂದ ಹುಡುಕುವ ವ್ಯವಸ್ಥೆ ಅದಾಗಿದ್ದರೆ, ಸೋಲುವುದು ಅದರ ಹಣೆಬರಹವೇ ಆಗಿತ್ತು.

ಎರಡು ಗಡಿಯಾರ

ಅಮೆರಿಕದ ಲೆಕ್ಕದಲ್ಲಿ ಮೊದಲ ಶೆಲ್ 2:08ಕ್ಕೆ. ದಾಳಿ ನಡೆದದ್ದು 29 ನಿಮಿಷ. ಆಸ್ಪತ್ರೆಯವರ ಲೆಕ್ಕದಲ್ಲಿ ಅದು ಒಂದು ಗಂಟೆಯಷ್ಟು, 3 ಗಂಟೆ ದಾಟುವವರೆಗೆ. ಮುಖ್ಯ ಕಟ್ಟಡದಲ್ಲಿ ತೀವ್ರ ನಿಗಾ ಘಟಕ, ತುರ್ತು ವಿಭಾಗ, ಶಸ್ತ್ರಚಿಕಿತ್ಸಾ ಕೊಠಡಿಗಳಿದ್ದವು. ಶೆಲ್‌ಗಳು ಬಿದ್ದದ್ದು ಬಹುಪಾಲು ಅದರ ಮೇಲೆಯೇ. ಆವರಣದ ಬೇರೆ ಕಟ್ಟಡಗಳು ಹೆಚ್ಚುಕಡಿಮೆ ಹಾಗೆಯೇ ಉಳಿದವು. ಹಾಸಿಗೆಯಿಂದ ಏಳಲಾಗದ ರೋಗಿಗಳು ಮಲಗಿದಲ್ಲೇ ಸುಟ್ಟುಹೋದರು. ಬದುಕುಳಿದವರು ಕಚೇರಿಯ ಮೇಜನ್ನೇ ಶಸ್ತ್ರಚಿಕಿತ್ಸೆಯ ಮೇಜು ಮಾಡಿಕೊಂಡು ತಮ್ಮ ಸಹೋದ್ಯೋಗಿಗಳಿಗೇ ಚಿಕಿತ್ಸೆಗೆ ನಿಂತರು.

ಫೋನುಗಳ ಸರಣಿಯನ್ನು ಒಮ್ಮೆ ಗಮನಿಸಬೇಕು. 2:19ಕ್ಕೆ ಸಂಸ್ಥೆ ಕಾಬೂಲ್‌ನ ನೇಟೊ ಕಾರ್ಯಾಚರಣೆಯ ಕಚೇರಿಗೆ ಫೋನು ಮಾಡಿತು. 2:20ಕ್ಕೆ ರೆಡ್‌ಕ್ರಾಸ್ ಅಂತರರಾಷ್ಟ್ರೀಯ ಸಮಿತಿಗೆ. ನಂತರ ವಿಶ್ವಸಂಸ್ಥೆಯ ಸಂಪರ್ಕಾಧಿಕಾರಿಗೆ, ವಾಷಿಂಗ್ಟನ್‌ಗೆ, ಅಫ್ಘಾನ್ ಗೃಹ ಸಚಿವಾಲಯಕ್ಕೆ. 2:52ಕ್ಕೆ ನೇಟೊ ಕಚೇರಿಯಿಂದ ಬಂದ ಉತ್ತರ: ಕೇಳಿ ವಿಷಾದವಾಯಿತು, ಏನಾಗಿದೆ ಎಂದು ನನಗೆ ಇನ್ನೂ ಗೊತ್ತಿಲ್ಲ ಎಂಬರ್ಥದ್ದು. 2:56ಕ್ಕೆ ದಾಳಿ ನಿಲ್ಲಿಸಿ ಎಂದು ಸಂಸ್ಥೆ ಮತ್ತೆ ಒತ್ತಾಯಿಸಿತು. 2:59ರ ಉತ್ತರ: ಕೈಲಾದದ್ದು ಮಾಡುತ್ತೇನೆ, ನಿಮಗಾಗಿ ಪ್ರಾರ್ಥಿಸುತ್ತೇನೆ ಎಂಬರ್ಥದ್ದು.

ಅಮೆರಿಕದ ತನಿಖೆಯೂ 2:20ಕ್ಕೆ ಬಾಗ್ರಾಮ್‌ನ ಒಬ್ಬ ಅಧಿಕಾರಿಗೆ ಕರೆ ತಲುಪಿತ್ತು ಎಂದೇ ಹೇಳುತ್ತದೆ. ಹೊಡೆಯುತ್ತಿರುವುದು ಆಸ್ಪತ್ರೆಯನ್ನು ಎಂದು ಮುಖ್ಯಕಚೇರಿಗೆ ಮನವರಿಕೆ ಆದದ್ದು 2:37ಕ್ಕೆ. ನಡುವೆ ಹೋದದ್ದು 17 ನಿಮಿಷ. ಅಷ್ಟರಲ್ಲಿ ವಿಮಾನ ತಾನಾಗಿಯೇ ಗುಂಡು ನಿಲ್ಲಿಸಿತ್ತು. ಆಸ್ಪತ್ರೆಯವರ ಬಳಿ ಇದ್ದ ಸಂಖ್ಯೆಗಳೆಲ್ಲ ಸರಿಯಾದವೇ, ಎತ್ತಿದವರೂ ಸಂಬಂಧಪಟ್ಟವರೇ. ಆದರೆ ವಿಮಾನಕ್ಕೆ ನೇರವಾಗಿ 'ನಿಲ್ಲಿಸು' ಎನ್ನುವ ಅಧಿಕಾರವಿದ್ದವನ ಕಿವಿಗೆ ಅವು ಒಂದು ಹಾರಿಕೆಯಲ್ಲಿ ಮುಟ್ಟುವಂಥವಾಗಿರಲಿಲ್ಲ.

ನಂತರ

ಅಮೆರಿಕದ ಹೇಳಿಕೆಗಳು ನಾಲ್ಕು ದಿನದಲ್ಲಿ ಮೂರು ರೂಪ ತಾಳಿದವು. ಮೊದಲ ದಿನ, ಹತ್ತಿರದ ವೈದ್ಯಕೀಯ ಕೇಂದ್ರಕ್ಕೆ ಅಕ್ಕಪಕ್ಕದ ಹಾನಿ ಆಗಿರಬಹುದು ಎಂದರು. ಅಕ್ಟೋಬರ್ 5ರಂದು, ಅಫ್ಘಾನ್ ಪಡೆಗಳೇ ದಾಳಿ ಕೇಳಿದ್ದವು ಎಂದರು. 6ರಂದು ಅಫ್ಘಾನಿಸ್ತಾನದ ಅಮೆರಿಕನ್ ಪಡೆಗಳ ಮುಖ್ಯಸ್ಥರು ಸೆನೆಟ್ ಸಮಿತಿಯ ಮುಂದೆ, ನಿರ್ಧಾರ ಅಮೆರಿಕದ ಅಧಿಕಾರ ಸರಣಿಯದು, ಆಸ್ಪತ್ರೆಗೆ ಹೊಡೆದದ್ದು ತಪ್ಪಿನಿಂದ ಎಂದು ಒಪ್ಪಿದರು. ಮರುದಿನ ಅಮೆರಿಕದ ಅಧ್ಯಕ್ಷರು ಸಂಸ್ಥೆಯ ಅಂತರರಾಷ್ಟ್ರೀಯ ಅಧ್ಯಕ್ಷರಿಗೆ ಫೋನು ಮಾಡಿ ಕ್ಷಮೆ ಕೇಳಿದರು.

ಸಂಸ್ಥೆ ಕೇಳಿದ್ದು ಸ್ವತಂತ್ರ ತನಿಖೆಯನ್ನು. ಮೊದಲ ಹೆಚ್ಚುವರಿ ಪ್ರೋಟೊಕಾಲ್‌ನ 90ನೇ ವಿಧಿಯಡಿ ಸ್ಥಾಪಿತವಾದ ಅಂತರರಾಷ್ಟ್ರೀಯ ಮಾನವೀಯ ಸತ್ಯಶೋಧನಾ ಆಯೋಗ ಸಿದ್ಧವಿತ್ತು. ಆದರೆ ಸಂಬಂಧಪಟ್ಟ ಸರ್ಕಾರಗಳ ಒಪ್ಪಿಗೆಯಿಲ್ಲದೆ ಅದು ಹೆಜ್ಜೆ ಎತ್ತುವಂತಿಲ್ಲ. ಅಮೆರಿಕವೂ ಒಪ್ಪಲಿಲ್ಲ, ಅಫ್ಘಾನಿಸ್ತಾನವೂ ಒಪ್ಪಲಿಲ್ಲ.

ಸೇನೆಯದೇ ತನಿಖೆ 2016ರ ಏಪ್ರಿಲ್ 29ರಂದು ಹೊರಬಂತು, 3,000 ಪುಟಕ್ಕೂ ಮಿಗಿಲಾದ ಕಡತ. ಮನುಷ್ಯರ ತಪ್ಪು, ಕಾರ್ಯವಿಧಾನದ ತಪ್ಪು, ಉಪಕರಣದ ವೈಫಲ್ಯ ಎಲ್ಲ ಸೇರಿ ಹೀಗಾಯಿತು. ಕೆಲವರು ಯುದ್ಧ ಕಾನೂನನ್ನೂ ತಮ್ಮದೇ ನಿಯಮಗಳನ್ನೂ ಪಾಲಿಸಲಿಲ್ಲ. ಆದರೆ ಅದು ಆಸ್ಪತ್ರೆ ಎಂದು ಹೊಡೆದವರಿಗೆ ಗೊತ್ತಿರಲಿಲ್ಲವಾದ್ದರಿಂದ ಯುದ್ಧಾಪರಾಧವಲ್ಲ. ಇದು ಅದರ ತೀರ್ಮಾನ. ಜನರಲ್ ದರ್ಜೆಯ ಒಬ್ಬರೂ ಸೇರಿ 16 ಮಂದಿಯ ಮೇಲೆ ಆಡಳಿತಾತ್ಮಕ ಕ್ರಮವಾಯಿತು. ಕ್ರಿಮಿನಲ್ ಮೊಕದ್ದಮೆ ಯಾರ ಮೇಲೂ ಹೂಡಲಿಲ್ಲ. ಸತ್ತವರ ಕುಟುಂಬಕ್ಕೆ 6,000 ಡಾಲರ್, ಗಾಯಗೊಂಡವರಿಗೆ 3,000 ಡಾಲರ್ ಸಾಂತ್ವನ ಧನ ಎಂದು ಕೊಟ್ಟರು. ಅದನ್ನು ಪರಿಹಾರ ಎಂದು ಕರೆಯಲಿಲ್ಲ.

'ಗೊತ್ತಿರಲಿಲ್ಲ' ಎಂಬ ಮಾತು ಕಾನೂನಿನಲ್ಲಿ ಎಷ್ಟು ದೂರ ಕಾಯುತ್ತದೆ? ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವನ್ನು ಸ್ಥಾಪಿಸಿದ ರೋಮ್ ಶಾಸನದಲ್ಲಿ ಅಪರಾಧವಾಗುವುದು ಆಸ್ಪತ್ರೆಯ ಮೇಲೆ ಉದ್ದೇಶಪೂರ್ವಕವಾಗಿ ನಡೆಸಿದ ದಾಳಿ. ಹಿಂದಿನ ಯುಗೊಸ್ಲಾವಿಯಾದ ಯುದ್ಧಾಪರಾಧಗಳನ್ನು ವಿಚಾರಿಸಿದ ಅಂತರರಾಷ್ಟ್ರೀಯ ನ್ಯಾಯಮಂಡಳಿ 2003ರಲ್ಲಿ ಸರಾಯೆವೊ ಮುತ್ತಿಗೆಯ ಪ್ರಕರಣದಲ್ಲಿ, ನಾಗರಿಕರ ಮೇಲಿನ ದಾಳಿಯ ವಿಷಯವಾಗಿ, ಬೇಜವಾಬ್ದಾರಿಯ ದುಡುಕನ್ನೂ ಮನಃಪೂರ್ವಕತೆಯ ಲೆಕ್ಕಕ್ಕೆ ಸೇರಿಸಿತ್ತು. ಆ ಅಳತೆಗೋಲನ್ನು ಹಿಡಿದರೆ ಕೇಳಬೇಕಾದ್ದು ಬೇರೆ: ನಿರ್ದೇಶಾಂಕ ತಾಳೆಯಾಗಲಿಲ್ಲವೆಂದು ಕಣ್ಣಾರೆ ಕಂಡು ಮುಂದುವರಿದದ್ದು ಬರೀ ತಪ್ಪೇ, ದುಡುಕೇ? ಯಾವ ನ್ಯಾಯಾಲಯವೂ ಈ ಪ್ರಶ್ನೆಯನ್ನು ವಿಚಾರಿಸಲಿಲ್ಲ. ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ಅಭಿಯೋಜಕರು 2021ರ ಸೆಪ್ಟೆಂಬರ್‌ನಲ್ಲಿ ಅಫ್ಘಾನಿಸ್ತಾನದ ತನಿಖೆಯನ್ನು ತಾಲಿಬಾನ್ ಮತ್ತು ಐಎಸ್ ಖೊರಾಸನ್ ಕಡೆಗೆ ತಿರುಗಿಸಿ, ಉಳಿದದ್ದನ್ನು ಹಿಂದಕ್ಕೆ ಸರಿಸಿದರು.

ಕುಂದೂಜ್ ಮತ್ತು ಆ ಹೊತ್ತಿನ ಸಿರಿಯಾ, ಯೆಮನ್ ದಾಳಿಗಳ ನೆರಳಿನಲ್ಲಿ 2016ರ ಮೇ 3ರಂದು ಭದ್ರತಾ ಮಂಡಳಿ 2286ನೇ ನಿರ್ಣಯವನ್ನು ಅವಿರೋಧವಾಗಿ ಅಂಗೀಕರಿಸಿತು. ಅದು ಹೊಸ ಕಾನೂನು ಮಾಡಲಿಲ್ಲ, ಇರುವುದನ್ನೇ ನೆನಪಿಸಿತು.

ಇಂಥ ಕೆಲಸದಲ್ಲಿರುವವರಿಗೆ

ಮೊದಲನೆಯದಾಗಿ ನಿರ್ದೇಶಾಂಕ. ಕುಂದೂಜ್‌ನಲ್ಲಿ ಆಸ್ಪತ್ರೆ ಕೊಟ್ಟ ಅಂಕಿ ಸರಿಯೇ ಇತ್ತು. ಬೇರೆಡೆ ಇದೇ ಮೊದಲ ಎಡವಟ್ಟಾಗಬಲ್ಲದು. 36 ಡಿಗ್ರಿ 43 ನಿಮಿಷ 30 ಸೆಕೆಂಡ್ ಎಂಬುದನ್ನು ಎದುರಿನವನು 36 ಡಿಗ್ರಿ 43.30 ನಿಮಿಷ ಎಂದು ಓದಿದರೆ ಜಾಗ ಸುಮಾರು 370 ಮೀಟರ್ ಸರಿಯುತ್ತದೆ. ಆಸ್ಪತ್ರೆಗೂ ಗುರಿಗೂ ಇದ್ದ ಅಂತರಕ್ಕೆ ಇದು ಹೆಚ್ಚುಕಡಿಮೆ ಸಮ. ಆದ್ದರಿಂದ ದಶಮಾಂಶ ಡಿಗ್ರಿ ಮತ್ತು ಸೇನೆಯ ಗ್ರಿಡ್ (ನಕ್ಷೆಯ ಚೌಕಗಳ ಅಂಕಿ) ಎರಡರಲ್ಲೂ ಕಳಿಸಬೇಕು. ಗ್ರಿಡ್‌ನಲ್ಲಿ 10 ಅಂಕಿ ಎಂದರೆ 1 ಮೀಟರ್ ನಿಖರತೆ, 8 ಅಂಕಿ ಎಂದರೆ 10 ಮೀಟರ್, 6 ಅಂಕಿ ಎಂದರೆ 100 ಮೀಟರ್. ಗೇಟಿನ ಒಂದು ಬಿಂದುವಿನ ಬದಲು ಆವರಣದ ನಾಲ್ಕೂ ಮೂಲೆ, ಜೊತೆಗೆ ಮೇಲಿನಿಂದ ತೆಗೆದ ಚಿತ್ರದ ಮೇಲೆ ಗೆರೆ ಎಳೆದು ಕೊಡಬೇಕು. ಕಟ್ಟಡದ ಆಕಾರ, ಬಣ್ಣ, ಗೇಟು ಯಾವ ದಿಕ್ಕು ಎಂಬುದನ್ನೂ ಬರೆಯಬೇಕು. ಬಾಯಿಮಾತಿನ ವರ್ಣನೆಯಲ್ಲಿ ಗುರಿ ಹುಡುಕುವವನಿಗೆ, ಇದೇ ವರ್ಣನೆಯ ಆಸ್ಪತ್ರೆಯೊಂದು ಪಕ್ಕದಲ್ಲಿದೆ ಎಂಬುದು ಗೊತ್ತಾಗುವ ದಾರಿ ಇದೊಂದೇ.

ಎರಡನೆಯದು ಗುರುತು. ಬಾವುಟ ಹಾಸಿದ್ದರೂ, ದೀಪ ಬೆಳಗುತ್ತಿದ್ದರೂ ರಾತ್ರಿಯ ಸೆನ್ಸರ್‌ನಲ್ಲಿ ರಕ್ಷಣೆಯ ಗುರುತು ಏನೂ ಕಾಣಲಿಲ್ಲ ಎಂದು ತನಿಖೆ ಹೇಳಿತು. ಅವರು ನೋಡುತ್ತಿದ್ದದ್ದು ಶಾಖದ ಚಿತ್ರ. ಬಟ್ಟೆಯ ಮೇಲಿನ ಬಣ್ಣಕ್ಕೆ ಅದರಲ್ಲಿ ಬೆಲೆಯಿಲ್ಲ. ಮೊದಲ ಪ್ರೋಟೊಕಾಲ್‌ನ ಮೊದಲ ಅನುಬಂಧದಲ್ಲಿ, ಅವಗೆಂಪು (ಇನ್‌ಫ್ರಾರೆಡ್) ಉಪಕರಣಗಳಿಗೆ ಕಾಣುವಂತೆ ರೆಡ್‌ಕ್ರಾಸ್‌ನಂಥ ರಕ್ಷಣಾ ಲಾಂಛನದ ಕೆಂಪು ಭಾಗಕ್ಕೆ ಕಪ್ಪು ಪ್ರೈಮರ್‌ನ ತಳಬಣ್ಣ ಕೊಡುವ ಸೂಚನೆ ಇದೆ. ಓದಿದವರು ಕಡಿಮೆ. ಲಾಂಛನವಿಲ್ಲದಿದ್ದರೂ ಕಾನೂನಿನ ರಕ್ಷಣೆ ಇದ್ದೇ ಇರುತ್ತದೆ ಎಂಬುದು ನಿಜ. ಆದರೆ ಕತ್ತಲಲ್ಲಿ ಕಾಣುವುದು ಬೇರೆಯೇ ಮಾತು.

ಫೋನಿನ ವಿಷಯದಲ್ಲಿ ನಮ್ಮ ಶಿಫಾರಸು ಒಂದೇ: ಸಂಖ್ಯೆ ಪಡೆಯುವಾಗ, ಇದನ್ನು ಎತ್ತುವವರು ಯಾರು ಎಂಬಲ್ಲಿಗೆ ನಿಲ್ಲದೆ, ಎತ್ತಿದವರು ಎಷ್ಟು ನಿಮಿಷದಲ್ಲಿ ಗುಂಡು ನಿಲ್ಲಿಸಬಲ್ಲರು ಎಂದು ಕೇಳಿ. ಶಾಂತಿಯಿರುವಾಗಲೇ ರಾತ್ರಿ 2 ಗಂಟೆಗೆ ಒಮ್ಮೆ ಅಣಕು ಕರೆ ಮಾಡಿ, ಮಾತು ಕಾರ್ಯಾಚರಣೆಯ ಮೇಜಿಗೆ ತಲುಪಿದ ಸಮಯವನ್ನು ಬರೆದಿಟ್ಟುಕೊಳ್ಳಿ.

ಸೇನೆಯ ಬದಿಯ ಪಾಠ ಇನ್ನೂ ಸರಳ, ಇನ್ನೂ ಕಷ್ಟ. ಪಟ್ಟಿ ತುಂಬದೆ ವಿಮಾನ ಏಳಬಾರದು. ಅಂಕಿ ಹೇಳಿದಾಗ ಅದನ್ನು ಪಟ್ಟಿಯೊಡನೆ ತಾಳೆ ನೋಡುವ ಕೆಲಸವನ್ನು ಯಂತ್ರ ಮಾಡಬೇಕು, ದಣಿದ ಮನುಷ್ಯ ಮಾಡುವಂತಿರಬಾರದು. ಎರಡು ಸಾಕ್ಷ್ಯ ಜಗಳವಾಡಿದರೆ ಗುರಿಯೇ ರದ್ದಾಗಬೇಕು. 'ಯಾವುದು ಹೆಚ್ಚು ನಂಬಬಹುದು' ಎಂಬ ಆಯ್ಕೆ ಗಿರಕಿ ಹೊಡೆಯುತ್ತಿರುವವರ ಕೈಯಲ್ಲಿ ಇರಬಾರದು.

ದಾಳಿಯ ನಂತರ ಸಂಸ್ಥೆ ಆಸ್ಪತ್ರೆಯನ್ನು ಮುಚ್ಚಿತು. ಕುಂದೂಜ್‌ಗೆ ಮರಳಿದ್ದು 2017ರ ಜುಲೈನಲ್ಲಿ, ಹೊರರೋಗಿಗಳ ಸಣ್ಣ ಕ್ಲಿನಿಕ್ಕಿನೊಂದಿಗೆ. 2021ರ ಬೇಸಿಗೆಯಲ್ಲಿ ಕಾಳಗ ಮತ್ತೆ ನಗರದೊಳಗೆ ಬಂದಾಗ ಗಾಯಾಳುಗಳಿಗೆ ಜಾಗ ಮಾಡಿದ್ದು ಕಚೇರಿಯ ಕೋಣೆಗಳಲ್ಲಿ. ಆಗಸ್ಟ್ 16ರಂದು ಆ ರೋಗಿಗಳನ್ನು ಇನ್ನೂ ಕಟ್ಟಿ ಮುಗಿಯದ ಹೊಸ ಆಸ್ಪತ್ರೆಗೆ ಸಾಗಿಸಲಾಯಿತು.